ಕುಟುಂಬದ ತಂದೆ: ಧರ್ಮಸಭೆಯ ಮರೆಯಾದ ಆಧಾರಸ್ತಂಭ

ಒಂದು ದೇವಾಲಯದ ನೂರು ವರ್ಷಗಳ ಚರಿತ್ರೆಯನ್ನು ಬರೆಯಹೊರಟಾಗ ಗುರುಗಳ ಹೆಸರುಗಳೂ ಧರ್ಮಾಧ್ಯಕ್ಷರ ಭೇಟಿಗಳೂ ಕಟ್ಟಡದ ಅಸ್ತಿಭಾರದ ದಿನಾಂಕಗಳೂ ಸುಲಭವಾಗಿ ದೊರೆಯುತ್ತವೆ. ಆದರೆ ದುಡಿದು ಮನೆಯನ್ನು ಸಾಕಿ, ರವಿವಾರ ಮಕ್ಕಳ ಕೈಹಿಡಿದು ಬಲಿಪೂಜೆಗೆ ಕರೆತಂದ ತಂದೆಯ ಹೆಸರು ದೀಕ್ಷಾಸ್ನಾನದ ದಫ್ತರಿನ ಒಂದು ಸಾಲಿನಲ್ಲಿ ಮಾತ್ರ ಉಳಿದಿರುತ್ತದೆ. ಆ ಸಾಲಿನ ಹಿಂದಿರುವ ಬಾಳನ್ನು ಈ ಶತಮಾನೋತ್ಸವದ ಶುಭಸಂದರ್ಭದಲ್ಲಿ ಸ್ಮರಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ.

ನಮ್ಮ ಸ್ಟೇಷನ್ ರಸ್ತೆಯೇ ದುಡಿಮೆಯಿಂದ ಹುಟ್ಟಿದ ರಸ್ತೆ. 1876-78ರ ಘೋರ ಬರಗಾಲದಲ್ಲಿ ಅಂದಿನ ಕಲಾದಗಿ ಜಿಲ್ಲೆಯು ತನ್ನ ಜನರಲ್ಲಿ ಬಹುದೊಡ್ಡ ಪಾಲನ್ನು ಕಳೆದುಕೊಂಡಿತು. ಅಂಥ ಸಂಕಟ ಮತ್ತೆ ಒದಗಿದರೆ ಧಾನ್ಯ ಸಾಗಿಸಲು ಅನುಕೂಲವಾಗಲೆಂದು, 1882ರಲ್ಲಿ ಸ್ಥಾಪಿತವಾದ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಹೋಟಗಿಯಿಂದ ಗದಗಿನವರೆಗೆ ಮೀಟರ್ ಗೇಜ್ ಮಾರ್ಗವನ್ನು ಹಾಕಿತು. 1885ರಲ್ಲಿ ಜಿಲ್ಲೆಯ ಮುಖ್ಯಠಾಣೆಯೂ ಕಲಾದಗಿಯಿಂದ ಇಲ್ಲಿಗೆ ಬಂದಿತು. ಗೋಳಗುಮ್ಮಟದ ನೆರಳಿನಲ್ಲಿ ಹೊಸ ಬದುಕು ಚಿಗುರಿತು. ದಖ್ಖನದ ಅನೇಕ ಊರುಗಳಿಗೆ ಕಥೋಲಿಕ ಕುಟುಂಬಗಳನ್ನು ಕರೆತಂದುದು ಈ ರೈಲ್ವೆಯೇ. ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯ ಸುತ್ತ ಬೆಳೆದ ಕ್ರೈಸ್ತ ವಸತಿಗಳು ಇದಕ್ಕೆ ಸಾಕ್ಷಿ. ಗಾರ್ಡು, ಫಿಟ್ಟರು, ಗ್ಯಾಂಗ್‌ಮನ್ನರಾಗಿ ದುಡಿದ ಆ ತಂದೆಯರ ಚರಿತ್ರೆಯನ್ನು ಬರೆದವರು ವಿರಳ.

ಅದೇ ಕಾಲದಲ್ಲಿ ದೂರದ ಫ್ರಾನ್ಸಿನಲ್ಲಿ ಬಾಳಿದ ಒಬ್ಬ ತಂದೆಯ ಚರಿತ್ರೆ ಮಾತ್ರ ಉಳಿಯಿತು. ಏಕೆಂದರೆ ಆತನ ಕಿರಿಯ ಮಗಳು ಅದನ್ನು ಬರೆದಿಟ್ಟಳು. ಆತನೇ ಸಂತ ಲೂಯಿ ಮಾರ್ಟಿನ್. ಮಗಳು ಬಾಲಯೇಸುವಿನ ಸಂತ ತೆರೇಸಾ.

1823ರಲ್ಲಿ ಬೋರ್ಡೋ ನಗರದಲ್ಲಿ ಸಿಪಾಯಿಯ ಮಗನಾಗಿ ಜನಿಸಿದ ಲೂಯಿ, ತಾರುಣ್ಯದಲ್ಲಿ ಸನ್ಯಾಸಿಯಾಗಬಯಸಿ ಮಠದ ಬಾಗಿಲಿಗೆ ಹೋದನು. ಲತೀನ್ ಭಾಷೆ ಬಾರದೆಂದು ಅವರು ಹಿಂದಕ್ಕೆ ಕಳುಹಿಸಿದರು. ಬಳಿಕ ಆತನು ಗಡಿಯಾರದ ಕೆಲಸದ ಕಲಿಕೆಯನ್ನು ಮುಂದುವರಿಸಿ, ಅಲಾನ್ಸೋನ್ ಪಟ್ಟಣದಲ್ಲಿ ಅಂಗಡಿ ತೆರೆದನು. 1858ರಲ್ಲಿ, ಲೇಸ್ ಹೆಣೆಯುವುದರಲ್ಲಿ ನಿಪುಣೆಯಾದ ಝೆಲಿಯನ್ನು ವಿವಾಹವಾದನು. ರವಿವಾರ ಹಳ್ಳಿಗಳ ಗಿರಾಕಿಗಳು ಪೇಟೆಗೆ ಬರುವ ದಿನವಾಗಿದ್ದರೂ ಆತನ ಅಂಗಡಿ ಅಂದು ಮುಚ್ಚಿರುತ್ತಿತ್ತು. ಹೆಂಡತಿಯ ಉದ್ಯೋಗ ಬೆಳೆದಾಗ 1870ರಲ್ಲಿ ತನ್ನ ಅಂಗಡಿಯನ್ನೇ ಬಿಟ್ಟುಕೊಟ್ಟು ಆಕೆಯ ನೆರವಿಗೆ ನಿಂತನು. ಒಂಬತ್ತು ಮಕ್ಕಳಲ್ಲಿ ನಾಲ್ವರನ್ನು ಎಳವೆಯಲ್ಲಿಯೇ ಮಣ್ಣಿಗೆ ಒಪ್ಪಿಸಬೇಕಾಯಿತು. 1877ರಲ್ಲಿ, ಎಂದರೆ ನಮ್ಮ ನಾಡು ಬರದಿಂದ ಬೇಯುತ್ತಿದ್ದ ವರ್ಷದಲ್ಲಿ, ಝೆಲಿಯೂ ಕ್ಯಾನ್ಸರಿನಿಂದ ತೀರಿಕೊಂಡಳು. ಐವರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಆತನು ಲಿಸ್ಯೂ ಪಟ್ಟಣಕ್ಕೆ ಬಂದು ನೆಲೆಸಿದನು.

ಕಿರಿಯಳಾದ ತೆರೇಸಾ 1887ರಲ್ಲಿ ಕಾರ್ಮೆಲ್ ಮಠ ಸೇರಲು ಅಪ್ಪಣೆ ಬೇಡಿದಾಗ ಆಕೆಗಿನ್ನೂ ಹದಿನಾಲ್ಕು ವರ್ಷ. ಕಣ್ಣೀರಿಡುತ್ತಲೇ ಒಪ್ಪಿದ ತಂದೆಯು ಗೋಡೆಯ ಸಂದಿನಲ್ಲಿ ಬೆಳೆದಿದ್ದ ಪುಟ್ಟ ಬಿಳಿ ಹೂವನ್ನು ಬೇರುಸಹಿತ ಕಿತ್ತು ಆಕೆಯ ಕೈಗಿತ್ತನು. ಮರುವರ್ಷ ಊರಿನ ಸಂತ ಪೇತ್ರರ ದೇವಾಲಯದ ಪ್ರಧಾನ ಪೀಠಕ್ಕಾಗಿ 10,000 ಫ್ರಾಂಕುಗಳನ್ನು ಅರ್ಪಿಸಿದನು. ಆದರೆ ದೇವರು ಬೇಡಿದ ಕಾಣಿಕೆ ಅದಕ್ಕಿಂತಲೂ ದೊಡ್ಡದಾಗಿತ್ತು. ಬುದ್ಧಿಯನ್ನು ಮಸುಕುಗೊಳಿಸುವ ವ್ಯಾಧಿಗೆ ತುತ್ತಾಗಿ 1889ರಿಂದ ಮೂರು ವರ್ಷ ಕಾನ್ ನಗರದ ಮನೋರೋಗಿಗಳ ಆಸ್ಪತ್ರೆಯಲ್ಲಿದ್ದನು. ನಡೆಯಲಾರದ ಸ್ಥಿತಿಯಲ್ಲಿ ಮನೆಗೆ ಮರಳಿ, ಮಕ್ಕಳ ಆರೈಕೆಯಲ್ಲಿ 1894ರಲ್ಲಿ ಪ್ರಭುವಿನಲ್ಲಿ ನಿದ್ರಿಸಿದನು.

ಐವರು ಪುತ್ರಿಯರೂ ಸನ್ಯಾಸಿನಿಯರಾದರು. 1927ರಲ್ಲಿ ತೆರೇಸಾ, ಗೋವೆಯಲ್ಲಿ ದೇಹವಿರಿಸಿರುವ ಸಂತ ಫ್ರಾನ್ಸಿಸ್ ಝೇವಿಯರರ ಜೊತೆಗೆ ಧರ್ಮಪ್ರಚಾರದ ಪಾಲಕಿಯಾದಳು. 2015ರ ಅಕ್ಟೋಬರ್ 18ರಂದು ಜಗದ್ಗುರು ಫ್ರಾನ್ಸಿಸರು ಲೂಯಿ ಮತ್ತು ಝೆಲಿಯರನ್ನು ಒಟ್ಟಿಗೆ ಸಂತಪದವಿಗೇರಿಸಿದರು. ಮಠವು ಹಿಂದಕ್ಕೆ ಕಳುಹಿಸಿದ ಯುವಕನು ತನ್ನ ಮನೆಯ ಮೂಲಕವೇ ಧರ್ಮಸಭೆಯನ್ನು ಕಟ್ಟಿದನು.

ಪ್ರಿಯ ಬಂಧುಗಳೇ, ಆತನ ದುಡಿಮೆಯನ್ನು ಕೊಂಡಾಡುವುದು ಸುಲಭ. ಆತನ ಕೊನೆಯ ಐದು ವರ್ಷಗಳನ್ನು ನೆನೆಯುವುದು ಕಷ್ಟ. ಗಡಿಯಾರಗಳನ್ನು ಸರಿಪಡಿಸಿದ ಕೈಗಳು ಸೋತ ಮೇಲೂ ಮಕ್ಕಳು ಆತನನ್ನು ಗೌರವದಿಂದಲೇ ಕಂಡರು. ಇಂದು ನಮ್ಮ ಧರ್ಮಕೇಂದ್ರದ ಎಷ್ಟೋ ಮನೆಗಳಲ್ಲಿ ಮಕ್ಕಳು ಬೆಂಗಳೂರು, ಪುಣೆ, ಕೊಲ್ಲಿ ದೇಶಗಳಲ್ಲಿದ್ದಾರೆ. ವೃದ್ಧ ತಂದೆ ಬಾಗಿಲ ಬಳಿ ಒಬ್ಬನೇ ಕುಳಿತು ಜಪಸರ ಮಾಡುತ್ತಾನೆ. ಶತಮಾನೋತ್ಸವದ ದೀಪಗಳು ಆರುವ ಮುನ್ನ ಆತನ ಬಳಿ ಕುಳಿತುಕೊಳ್ಳಿರಿ. ಯಾವ ಊರಿನಿಂದ ಬಂದನು, ಏನು ದುಡಿದನು, ಮನೆಯ ಪ್ರಾರ್ಥನೆಯನ್ನು ಹೇಗೆ ಉಳಿಸಿಕೊಂಡನು ಎಂದು ಕೇಳಿ ಬರೆದಿಡಿರಿ. ಮುಂದಿನ ನೂರು ವರ್ಷಗಳ ಚರಿತ್ರೆಗೆ ಅದೇ ಮೊದಲ ಪುಟವಾಗಲಿ.