ಬಸುರಿಯ ಥೈರಾಯ್ಡು: ಗ್ರೇಸ್‌ಳಿಂದ ನಮ್ಮ ಅತ್ತಿಗೆಯವರೆಗೆ

ಮೊನ್ನೆ ಊರಿಂದ ಅತ್ತಿಗೆ ಫೋನು ಮಾಡಿದ್ದರು. ಅವರಿಗೆ ಮೊದಲಿಂದಲೂ ಥೈರಾಯ್ಡು ಜಾಸ್ತಿ. ಈಗ ಎರಡು ತಿಂಗಳ ಬಸುರಿ. "ಮಗೂಗೆ ತೊಂದರೆ ಆಗತ್ತಂತೆ, ಮಾತ್ರೆ ನಿಲ್ಲಿಸಿಬಿಟ್ಟೆ ಕಣಪ್ಪಾ" ಅಂದರು. ನನ್ನ ಎದೆ ಧಸಕ್ಕೆಂದಿತು. ಇವತ್ತೇ ಡಾಕ್ಟರ ಹತ್ತಿರ ಹೋಗಿ ಅಂತ ಗಂಟುಬಿದ್ದೆ. ಆಮೇಲೆ ಯೋಚಿಸಿದರೆ, ಅವರ ಹೆದರಿಕೆ ಪೂರ್ತಿ ಸುಳ್ಳೇನಲ್ಲ. ಆದರೆ ಮಾತ್ರೆ ತಾವಾಗಿ ನಿಲ್ಲಿಸಿದ್ದು ತಪ್ಪು. ಇದರ ಹಿಂದೆ ಒಂದು ಉದ್ದದ ಕತೆಯೇ ಇದೆ.

ಕತೆ ಶುರುವಾಗುವುದೇ ಒಬ್ಬ ಬಾಣಂತಿಯಿಂದ. 1786ರಲ್ಲಿ ಇಂಗ್ಲೆಂಡಿನ ಬಾತ್ ಊರಿನ ವೈದ್ಯ ಕೇಲಬ್ ಪ್ಯಾರಿಯ ಬಳಿಗೆ ಗ್ರೇಸ್ ಎಂಬ 37 ವರ್ಷದ ಹೆಂಗಸು ಬಂದಳು. ಹೆರಿಗೆಯಾದ ಮೇಲೆ ಎದೆಬಡಿತ ಹೆಚ್ಚಾಗಿತ್ತು. ಮಗುವಿಗೆ ಹಾಲೂಡಿಸುತ್ತಿದ್ದಾಗಲೇ ಕತ್ತಿನಲ್ಲಿ ಗಂಟು ಕಾಣಿಸಿಕೊಂಡಿತ್ತು. ಪ್ಯಾರಿ ಎಲ್ಲ ಬರೆದಿಟ್ಟ, ಆದರೆ ಅದು ಅಚ್ಚಾದದ್ದು ಅವನು ಸತ್ತ ಮೇಲೆ, 1825ರಲ್ಲಿ. 1835ರಲ್ಲಿ ಡಬ್ಲಿನ್ನಿನ ರಾಬರ್ಟ್ ಗ್ರೇವ್ಸ್ ಇಂಥದೇ ಮೂವರು ಹೆಂಗಸರ ಬಗ್ಗೆ ಬರೆದ. 1840ರಲ್ಲಿ ಜರ್ಮನಿಯ ಬಾಸೆಡೋ ಬರೆದ. ಕಾಯಿಲೆಗೆ ಇವರಿಬ್ಬರ ಹೆಸರು ಅಂಟಿಕೊಂಡಿತು. ಪಾಪ, ಮೊದಲು ಕಂಡ ಪ್ಯಾರಿಯ ಹೆಸರು ಹಿಂದೆ ಬಿತ್ತು!

ರೋಗಕ್ಕೆ ಹೆಸರೇನೋ ಬಂತು, ಮದ್ದು ಬರಲಿಲ್ಲ. ಬಹಳ ಕಾಲ ಕತ್ತಿನ ಆಪರೇಷನ್ನೇ ಗತಿ. ಅದನ್ನು ಸುರಕ್ಷಿತವಾಗಿ ಮಾಡಿ ತೋರಿಸಿದ ಸ್ವಿಟ್ಜರ್ಲೆಂಡಿನ ಕೋಖರ್‌ಗೆ 1909ರಲ್ಲಿ ನೊಬೆಲ್ ಬಂತು. 1941ರಲ್ಲಿ ಬಾಸ್ಟನ್ನಿನ ಸಾಲ್ ಹರ್ಟ್ಜ್ ವಿಕಿರಣ ಅಯೋಡಿನ್ ಕೊಟ್ಟು ಚಿಕಿತ್ಸೆ ಮಾಡಿದ. ಆದರೆ ಅದು ಬಸುರಿಯರಿಗೆ ಆಗಿಬರುವುದಿಲ್ಲ. ಹೊಟ್ಟೆಯ ಕೂಸಿನ ಥೈರಾಯ್ಡು ಹತ್ತು ಹನ್ನೆರಡನೇ ವಾರದಿಂದ ಅಯೋಡಿನ್ ಹೀರತೊಡಗುತ್ತದೆ. ತಾಯಿಗೆ ಕೊಟ್ಟದ್ದು ಕೂಸಿನ ಗ್ರಂಥಿಯನ್ನೇ ಸುಟ್ಟುಬಿಡುತ್ತದೆ.

ದಾರಿ ತೆರೆದದ್ದು 1943ರಲ್ಲಿ, ಅದೇ ಬಾಸ್ಟನ್ನಿನ ಎಡ್ವಿನ್ ಆಸ್ಟ್‌ವುಡ್ ಹಾರ್ಮೋನು ತಯಾರಾಗುವುದನ್ನೇ ತಡೆಯುವ ಮದ್ದು ಕೊಟ್ಟಾಗ. ಮುಂದೆ ಪ್ರೊಪೈಲ್‌ಥಯೋಯುರಾಸಿಲ್, ಮೆಥಿಮಜೋಲ್, ಕಾರ್ಬಿಮಜೋಲ್ ಬಂದವು. (ಕಾರ್ಬಿಮಜೋಲ್ ಮೈಯೊಳಗೆ ಮೆಥಿಮಜೋಲ್ ಆಗಿಯೇ ಕೆಲಸ ಮಾಡುತ್ತದೆ.) ಕತ್ತಿಯಿಲ್ಲದೆ ಬಸುರಿಯನ್ನು ಕಾಪಾಡಬಹುದು ಎಂದಾಯಿತು.

ಅಷ್ಟಕ್ಕೇ ಮುಗಿಯಲಿಲ್ಲ ನೋಡಿ. 1972ರಲ್ಲಿ, ಮೆಥಿಮಜೋಲ್ ತಿಂದ ತಾಯಂದಿರ ಕೆಲವು ಮಕ್ಕಳಿಗೆ ನೆತ್ತಿಯ ಚರ್ಮ ಒಂದು ಕಡೆ ಬೆಳೆದೇ ಇರಲಿಲ್ಲ ಎಂಬ ವರದಿ ಬಂತು. ಹಾಗಾದರೆ ಇನ್ನೊಂದೇ ವಾಸಿ ಅಂದುಕೊಂಡರೆ, ಪ್ರೊಪೈಲ್‌ಥಯೋಯುರಾಸಿಲ್ ಕೆಲವರ ಲಿವರನ್ನೇ ಕೆಡಿಸುತ್ತದೆ ಎಂದು 2009ರಲ್ಲಿ ಅಮೆರಿಕ ಸರ್ಕಾರದ ಔಷಧ ಇಲಾಖೆ ಎಚ್ಚರಿಸಿತು. ಅತ್ತ ದರಿ, ಇತ್ತ ಪುಲಿ! ಕೊನೆಗೆ ಬಂದ ಒಪ್ಪಂದ ಇದು: ಕೂಸಿನ ಅಂಗಾಂಗ ಮೂಡುವ ಮೊದಲ ತಿಂಗಳುಗಳಲ್ಲಿ, ಮಾತ್ರೆ ಬೇಕೇ ಬೇಕೆಂದಿದ್ದರೆ, ಪ್ರೊಪೈಲ್‌ಥಯೋಯುರಾಸಿಲ್. ಆಮೇಲೆ ಬದಲಿಸಬೇಕೇ ಎಂಬುದು ವೈದ್ಯರ ತೀರ್ಮಾನ. 2013ರಲ್ಲಿ ಡೆನ್ಮಾರ್ಕಿನ ಅಧ್ಯಯನವೊಂದು ಅದರಿಂದಲೂ ಸಣ್ಣಪುಟ್ಟ ದೋಷ ಬರಬಹುದು ಎಂದಿತು. ಅದಕ್ಕೇ ಆದಷ್ಟು ಕಡಿಮೆ ಡೋಸು, ಸುಮಾರು ನಾಲ್ಕು ವಾರಕ್ಕೊಮ್ಮೆ ರಕ್ತಪರೀಕ್ಷೆ.

ಮಾತ್ರೆಯೇ ಬೇಡ ಅಂದರೆ? ಕಾಯಿಲೆ ಜೋರಾಗಿದ್ದು ಹಾಗೇ ಬಿಟ್ಟರೆ ಗರ್ಭಪಾತ, ದಿನ ತುಂಬದ ಹೆರಿಗೆ, ತಾಯಿಯ ಹೃದಯಕ್ಕೇ ಸೋಲು, ಎಲ್ಲ ಉಂಟು. ಹಾಗಂತ ಎಲ್ಲರಿಗೂ ಮಾತ್ರೆ ಬೇಕೆಂದೇನಿಲ್ಲ. ಬಸಿರಿನ ಹಾರ್ಮೋನಿನಿಂದಲೇ ಮೊದಲ ತಿಂಗಳುಗಳಲ್ಲಿ ಥೈರಾಯ್ಡು ಸ್ವಲ್ಪ ಏರಿ, ತಾನಾಗೇ ಇಳಿಯುವುದೂ ಉಂಟು. ಕಾಯಿಲೆ ಹತೋಟಿಯಲ್ಲಿರುವ ಕೆಲವರಿಗೆ ವೈದ್ಯರೇ ನಿಲ್ಲಿಸಿ ನೋಡುವುದೂ ಇದೆ. ಯಾವುದು ಯಾವುದು ಅಂತ ಹೇಳಬೇಕಾದವರು ಅವರು, ನಾವಲ್ಲ.

ಇನ್ನೊಂದು ಮಾತು. ಗ್ರೇವ್ಸ್ ಕಾಯಿಲೆ ಬಸಿರಿನ ಕೊನೆಯ ತಿಂಗಳುಗಳಲ್ಲಿ ಸಾಮಾನ್ಯವಾಗಿ ತಣ್ಣಗಾಗಿ, ಬಾಣಂತನದಲ್ಲಿ ಮತ್ತೆ ತಲೆಯೆತ್ತುತ್ತದೆ. ಗ್ರೇಸ್‌ಳ ಕತ್ತಿನ ಗಂಟು ಹೆರಿಗೆಯಾದ ಮೇಲೆ ಕಂಡದ್ದು ಆಕಸ್ಮಿಕವಿರಲಿಕ್ಕಿಲ್ಲ ಅನ್ನಿಸುತ್ತದೆ ನನಗೆ. ಕೂಸು ಹುಟ್ಟಿತಲ್ಲ, ಇನ್ನೇನು ಅಂತ ಬಿಡುವ ಹಾಗಿಲ್ಲ.

ಅತ್ತಿಗೆ ಮರುದಿನವೇ ಹೋಗಿಬಂದರು. ಡಾಕ್ಟರು ಬೈದರಂತೆ, ಮಾತ್ರೆ ಬದಲಿಸಿ ಕೊಟ್ಟರಂತೆ. ಗ್ರೇಸ್‌ಗೆ ಇಲ್ಲದ ಭಾಗ್ಯ ಇದು. ನಿಮ್ಮ ಮನೆಯಲ್ಲೂ ಯಾರಾದರೂ ಹೀಗೆ ಹೆದರಿ ಸುಮ್ಮನಿದ್ದರೆ ದಯವಿಟ್ಟು ಒಂದು ಮಾತು ಹೇಳಿ.