ಬಂದೂಕಿನ ಮುರಿದ ಪಾರ್ಟ್ ಅನ್ನು ನಾವೇ ಬದಲಿಸಬಹುದೇ? ಫಾರ್ವರ್ಡ್ ಹೇಳುವುದೇನು, ಕಾನೂನು ಹೇಳುವುದೇನು?

ಹರಿದಾಡುತ್ತಿರುವ ಮಾತು: "ಬಂದೂಕಿಗೆ ಮಾತ್ರ ಲೈಸೆನ್ಸ್ ಬೇಕು, ಅದರ ಬಿಡಿಭಾಗಕ್ಕೆ ಬೇಡ. ಪಾರ್ಟ್ ಮುರಿದರೆ ಆನ್‌ಲೈನ್‌ನಲ್ಲಿ ತರಿಸಿ, ವಿಡಿಯೋ ನೋಡಿ ಮನೆಯಲ್ಲೇ ಹಾಕಿಕೊಳ್ಳಬಹುದು."

ಚುಟುಕು ಉತ್ತರ: ತಪ್ಪು. ನಮ್ಮ ದೇಶದ ಕಾನೂನಿನಲ್ಲಿ ಬಂದೂಕಿನ ಬಿಡಿಭಾಗವೂ ಬಂದೂಕೇ. ದುರಸ್ತಿ ಮಾಡುವವರಿಗೂ ಪ್ರತ್ಯೇಕ ಪರವಾನಗಿ ಬೇಕು. ಕಾನೂನನ್ನು ಪಕ್ಕಕ್ಕಿಟ್ಟು ನೋಡಿದರೂ, ಅಳತೆ ತಪ್ಪಿದ ಒಂದು ಪಾರ್ಟ್ ಗುಂಡು ಹಾರಿಸುವವರ ಕೈ ಅಥವಾ ಕಣ್ಣನ್ನೇ ಕಸಿಯಬಹುದು.

ಇಂಥ ವಿಡಿಯೋಗಳಲ್ಲಿ ಹೆಚ್ಚಿನವು ಅಮೆರಿಕದವು. ಅಲ್ಲಿ ಸಾಮಾನ್ಯ ಜನರೂ ಸೆಮಿ ಆಟೋಮ್ಯಾಟಿಕ್ ರೈಫಲ್ ಕೊಳ್ಳಬಹುದು, ಅದರ ಅನೇಕ ಬಿಡಿಭಾಗಗಳು ಅಂಗಡಿಯಲ್ಲೇ ಸಿಗುತ್ತವೆ. ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದಲ್ಲಿ ಕುಳಿತು ಅದೇ ವಿಡಿಯೋ ನೋಡುವವರಿಗೆ ಆ ದೇಶದ ಕಾನೂನು ಅನ್ವಯಿಸುವುದಿಲ್ಲ. ಹಾಗಾದರೆ ಇಲ್ಲಿ ಏನು ಅನ್ವಯಿಸುತ್ತದೆ? ಒಂದೊಂದಾಗಿ ನೋಡೋಣ.

ಸೆಮಿ ಆಟೋಮ್ಯಾಟಿಕ್ ಎಂದರೇನು?

ಟ್ರಿಗರ್ ಒಂದು ಸಲ ಎಳೆದರೆ ಒಂದೇ ಗುಂಡು ಹಾರುತ್ತದೆ. ಆದರೆ ಖಾಲಿ ತೋಟಾ ಹೊರಗೆ ಬೀಳುವುದು, ಮುಂದಿನ ತೋಟಾ ಒಳಗೆ ಬಂದು ಕೂರುವುದು, ಇವೆಲ್ಲ ತಾವಾಗಿಯೇ ಆಗುತ್ತವೆ. ಎರಡನೇ ಗುಂಡಿಗೆ ಮತ್ತೆ ಟ್ರಿಗರ್ ಎಳೆಯಬೇಕು, ಅಷ್ಟೇ. ಟ್ರಿಗರ್ ಒತ್ತಿ ಹಿಡಿದಷ್ಟು ಹೊತ್ತೂ ಗುಂಡು ಹಾರುತ್ತಲೇ ಇದ್ದರೆ ಅದು ಪೂರ್ತಿ ಆಟೋಮ್ಯಾಟಿಕ್.

ಸೆಮಿ ಆಟೋಮ್ಯಾಟಿಕ್ ರೈಫಲ್‌ಗೆ ನಮ್ಮಲ್ಲಿ ಒಳ್ಳೆಯ ಉದಾಹರಣೆ ಎಸ್‌ಎಲ್‌ಆರ್, ಅಂದರೆ ಸೆಲ್ಫ್ ಲೋಡಿಂಗ್ ರೈಫಲ್. ಪಶ್ಚಿಮ ಬಂಗಾಳದ ಇಶಾಪುರ ರೈಫಲ್ ಕಾರ್ಖಾನೆಯಲ್ಲಿ 1960ರ ದಶಕದಿಂದ ತಯಾರಾದ 7.62 ಮಿ.ಮೀ. ಬಂದೂಕು ಇದು. ಸೇನೆಯಲ್ಲಿ ಇದರ ಜಾಗಕ್ಕೆ 1990ರ ದಶಕದಲ್ಲಿ ಇನ್ಸಾಸ್ ಬಂತು. ಪೊಲೀಸ್ ಪಡೆಗಳಲ್ಲಿ ಎಸ್‌ಎಲ್‌ಆರ್ ಅದರ ನಂತರವೂ ಉಳಿದುಕೊಂಡಿತು. ಗುಂಡು ಹಾರಿದಾಗ ನಳಿಗೆಯಲ್ಲಿ ಹುಟ್ಟುವ ಅನಿಲದಲ್ಲಿ ಸ್ವಲ್ಪ ಭಾಗ ಒಂದು ಪಿಸ್ಟನ್ ಅನ್ನು ಹಿಂದಕ್ಕೆ ತಳ್ಳುತ್ತದೆ. ಅದರಿಂದ ಬೋಲ್ಟ್ ಹಿಂದೆ ಸರಿದು ಖಾಲಿ ತೋಟಾವನ್ನು ಹೊರಗೆ ಹಾಕುತ್ತದೆ. ಆಮೇಲೆ ಸ್ಪ್ರಿಂಗ್ ಅದನ್ನು ಮುಂದಕ್ಕೆ ತಂದು ಹೊಸ ತೋಟಾವನ್ನು ಕೂರಿಸುತ್ತದೆ. ಇಷ್ಟೆಲ್ಲ ನಡೆಯುವುದು ಕಣ್ಣು ಮಿಟುಕಿಸುವಷ್ಟರಲ್ಲಿ.

ಇಂಥ ರೈಫಲ್ ನಮಗೆ ಸಿಗುತ್ತದೆಯೇ?

ಸಾಮಾನ್ಯವಾಗಿ ಇಲ್ಲ. ಪೂರ್ತಿ ಆಟೋಮ್ಯಾಟಿಕ್ ಬಂದೂಕುಗಳು 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ನಿಷೇಧಿತ ಆಯುಧಗಳು. ಸೆಮಿ ಆಟೋಮ್ಯಾಟಿಕ್ ರೈಫಲ್‌ಗಳನ್ನು ನಿಯಮಗಳು ನಿರ್ಬಂಧಿತ ವರ್ಗದಲ್ಲಿ ಇಟ್ಟಿವೆ. ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಕೊಟ್ಟು ತರುವ ವಸ್ತು ಅದಲ್ಲ.

ಹಳ್ಳಿಯ ಮನೆಗಳಲ್ಲಿ ಪರವಾನಗಿ ಪಡೆದು ಇಟ್ಟುಕೊಳ್ಳುವ ಬಂದೂಕುಗಳೇ ಬೇರೆ. ಕಾಯ್ದೆಯ 13ನೇ ಸೆಕ್ಷನ್ ಎರಡನ್ನು ಹೆಸರಿಸಿ ಹೇಳುತ್ತದೆ. ಒಂದು, ಆತ್ಮರಕ್ಷಣೆ ಅಥವಾ ಕ್ರೀಡೆಗಾಗಿ ಕನಿಷ್ಠ 20 ಅಂಗುಲ ಉದ್ದದ ನಳಿಗೆ ಇರುವ, ಒಳಗೆ ನುಣುಪಾದ ಬಂದೂಕು. ನಾವು ಒಂಟಿ ನಳಿಗೆ, ಜೋಡಿ ನಳಿಗೆ ಎನ್ನುವುದು ಇವನ್ನೇ. ಇನ್ನೊಂದು, ನಿಜವಾದ ಬೆಳೆ ರಕ್ಷಣೆಗಾಗಿ ನಳಿಗೆಯ ಬಾಯಿಂದ ಮದ್ದು ತುಂಬುವ ಬಂದೂಕು. ತೋಟಕ್ಕೆ ಹಂದಿ ನುಗ್ಗುವ ಊರುಗಳಲ್ಲಿ ಜನ ಕೇಳುವುದು ಇದನ್ನೇ.

ಬೆಳೆ ರಕ್ಷಣೆಯ ಪರವಾನಗಿ ಇದ್ದ ಮಾತ್ರಕ್ಕೆ ಕಾಡುಪ್ರಾಣಿಯನ್ನು ಕೊಲ್ಲಲು ಅನುಮತಿ ಸಿಕ್ಕಿತು ಎಂದಲ್ಲ. ಅದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇರೆಯೇ ಇದೆ.

ಬಿಡಿಭಾಗಕ್ಕೆ ಲೈಸೆನ್ಸ್ ಬೇಡ ಎಂಬ ಮಾತು ಎಲ್ಲಿಂದ ಬಂತು?

ಕಾಯ್ದೆಯ 2ನೇ ಸೆಕ್ಷನ್‌ನಲ್ಲಿ ಬಂದೂಕು ಎಂದರೆ ಏನು ಎಂಬ ವಿವರಣೆ ಇದೆ. ಅದರೊಳಗೆ ಬಂದೂಕಿನ ಬಿಡಿಭಾಗಗಳು ಮತ್ತು ಬಂದೂಕು ತಯಾರಿಸುವ ಯಂತ್ರಗಳು ಎರಡೂ ಸೇರಿವೆ. ಅಂದರೆ ನಳಿಗೆ, ಬೋಲ್ಟ್, ಟ್ರಿಗರ್ ಭಾಗ ಬಿಡಿಯಾಗಿ ಇದ್ದರೂ ಕಾನೂನಿನ ಕಣ್ಣಿಗೆ ಬಂದೂಕೇ.

ಆದರೆ ಅದೇ ಕಾಯ್ದೆಯ 45ನೇ ಸೆಕ್ಷನ್‌ನಲ್ಲಿ ಒಂದು ವಿನಾಯಿತಿ ಇದೆ. ಸಣ್ಣಪುಟ್ಟ ಬಿಡಿಭಾಗವೊಂದು ಯಾರ ಬಳಿಯಾದರೂ ಇದ್ದು, ಅದನ್ನು ತಮ್ಮ ಬಳಿ ಅಥವಾ ಬೇರೆ ಯಾರದೇ ಬಳಿ ಇರುವ ಜೋಡಿ ಭಾಗಗಳ ಜೊತೆ ಸೇರಿಸಿ ಬಳಸುವ ಉದ್ದೇಶ ಇಲ್ಲದಿದ್ದರೆ, ಅದಕ್ಕೆ ಕಾಯ್ದೆ ಅನ್ವಯಿಸುವುದಿಲ್ಲ. ಫಾರ್ವರ್ಡ್ ಬರೆದವರು ಈ ವಾಕ್ಯದ ಮೊದಲರ್ಧ ಹಿಡಿದುಕೊಂಡು ಉಳಿದರ್ಧ ಬಿಟ್ಟಿದ್ದಾರೆ. ದುರಸ್ತಿಗೆಂದು ತರುವ ಪಾರ್ಟ್‌ನ ಉದ್ದೇಶವೇ ಬೇರೆ ಭಾಗಗಳ ಜೊತೆ ಸೇರಿಸುವುದು. ಹಾಗಾಗಿ ಈ ವಿನಾಯಿತಿ ದುರಸ್ತಿಗೆ ಒದಗುವುದಿಲ್ಲ.

ಇನ್ನು 5ನೇ ಸೆಕ್ಷನ್. ಪರವಾನಗಿ ಇಲ್ಲದೆ ಬಂದೂಕನ್ನು ತಯಾರಿಸುವುದು, ಮಾರುವುದು, ಮಾರ್ಪಡಿಸುವುದಷ್ಟೇ ಅಲ್ಲ, ದುರಸ್ತಿ ಮಾಡುವುದನ್ನೂ ಅದು ತಡೆಯುತ್ತದೆ. ನಿಮ್ಮ ಬಳಿ ಇರುವುದು ಬಂದೂಕು ಇಟ್ಟುಕೊಳ್ಳುವ ಪರವಾನಗಿ. ದುರಸ್ತಿಯ ಪರವಾನಗಿ ಅದಕ್ಕಿಂತ ಬೇರೆ. 2019ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ತಿದ್ದುಪಡಿಯ ನಂತರ ಈ ಸೆಕ್ಷನ್ ಮೀರಿದವರಿಗೆ ಕನಿಷ್ಠ 7 ವರ್ಷ ಜೈಲು. ಅದು ಜೀವಾವಧಿವರೆಗೂ ಹೋಗಬಹುದು, ಜೊತೆಗೆ ದಂಡ. ತಿದ್ದುಪಡಿಗೆ ಮುಂಚೆ ಇದೇ ಶಿಕ್ಷೆ 3ರಿಂದ 7 ವರ್ಷ ಇತ್ತು. ಪರವಾನಗಿ ಇಲ್ಲದೆ ಸಾಮಾನ್ಯ ಬಂದೂಕು ಇಟ್ಟುಕೊಂಡರೆ ಈಗ 2ರಿಂದ 5 ವರ್ಷ.

ಕೊಡಗಿನವರಿಗೆ ಲೈಸೆನ್ಸೇ ಬೇಡವಲ್ಲ ಎಂದು ಕೆಲವರು ಕೇಳುತ್ತಾರೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಬಂದೂಕು ಇಟ್ಟುಕೊಳ್ಳಲು ಪರವಾನಗಿಯಿಂದ ವಿನಾಯಿತಿ ಇರುವುದು ನಿಜ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದೆ, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಆದರೆ ಅದು ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದು, ದುರಸ್ತಿ ಕೆಲಸಕ್ಕಲ್ಲ.

ಒಂದು ಸಣ್ಣ ಪಾರ್ಟ್ ಅಷ್ಟು ಅಪಾಯಕಾರಿಯೇ?

ಅಡುಗೆಮನೆಯ ಕುಕ್ಕರ್ ನೆನಪಿಸಿಕೊಳ್ಳಿ. ಅದು ಸೀಟಿ ಹೊಡೆಯುವಾಗ ಒಳಗಿನ ಹೆಚ್ಚುವರಿ ಒತ್ತಡ ಚದರ ಅಂಗುಲಕ್ಕೆ ಸುಮಾರು 15 ಪೌಂಡ್. ಅಷ್ಟಕ್ಕೇ ನಾವು ಎಷ್ಟು ಎಚ್ಚರ ವಹಿಸುತ್ತೇವೆ! ಬೇರೆ ಕಂಪನಿಯ ಸೇಫ್ಟಿ ವಾಲ್ವ್ ಹಾಕಬೇಡಿ ಎಂದು ಅಂಗಡಿಯವರೇ ಹೇಳುತ್ತಾರೆ.

ಈಗ ಬಂದೂಕಿನ ಲೆಕ್ಕ ನೋಡಿ. 12 ಬೋರ್ ಬಂದೂಕಿನಲ್ಲಿ ತೋಟಾ ಸಿಡಿದಾಗ ಒಳಗಿನ ಒತ್ತಡ ಚದರ ಅಂಗುಲಕ್ಕೆ 11,000 ಪೌಂಡ್ ದಾಟಬಹುದು. ಕುಕ್ಕರ್‌ಗೆ ಹೋಲಿಸಿದರೆ 700 ಪಟ್ಟಿಗೂ ಹೆಚ್ಚು. ಎಸ್‌ಎಲ್‌ಆರ್‌ನಂಥ 7.62 ರೈಫಲ್‌ನಲ್ಲಿ ಅದು 50,000 ಪೌಂಡ್‌ಗೂ ಹೆಚ್ಚು, ಅಂದರೆ ಕುಕ್ಕರ್‌ನ 3,000 ಪಟ್ಟಿಗೂ ಮೇಲೆ. ಇದೆಲ್ಲ ನಡೆಯುವುದು ಗುಂಡು ಹಾರಿಸುವವರ ಕೆನ್ನೆಯ ಪಕ್ಕದಲ್ಲೇ.

ಈ ಒತ್ತಡವನ್ನು ಹಿಡಿದಿಡುವುದು ನಳಿಗೆ ಮತ್ತು ಅದರ ಹಿಂಬದಿಯನ್ನು ಮುಚ್ಚುವ ಭಾಗ. ತೋಟಾದ ಹಿಂಬದಿಗೂ ಅದನ್ನು ಮುಚ್ಚುವ ಭಾಗಕ್ಕೂ ನಡುವೆ ಇರಬೇಕಾದ ಜಾಗವನ್ನು ವಿಶೇಷ ಅಳತೆಗೋಲಿನಿಂದ ಪರೀಕ್ಷಿಸುತ್ತಾರೆ. ಕಣ್ಣಂದಾಜಿನಲ್ಲಿ ಅದು ಗೊತ್ತಾಗುವುದಿಲ್ಲ. ಜಾಗ ಹೆಚ್ಚಾದರೆ ತೋಟಾ ಹರಿದು ಬಿಸಿ ಅನಿಲ ಹಿಂದಕ್ಕೆ, ಅಂದರೆ ಮುಖದ ಕಡೆಗೆ ನುಗ್ಗಬಹುದು. ಟ್ರಿಗರ್ ಭಾಗಗಳು ಸವೆದಿದ್ದರೆ ಅಥವಾ ಸರಿಯಾಗಿ ಕೂರದಿದ್ದರೆ, ಬಂದೂಕು ಕೆಳಗೆ ಬಿದ್ದಾಗಲೋ ಗೋಡೆಗೆ ತಗುಲಿದಾಗಲೋ ತಾನಾಗಿಯೇ ಹಾರಬಹುದು.

ವೆಲ್ಡಿಂಗ್ ಅಂಗಡಿಯಲ್ಲಿ ಬೆಸುಗೆ ಹಾಕಿಸುವುದು ಇನ್ನೂ ಅಪಾಯ. ಬಂದೂಕಿನ ಉಕ್ಕನ್ನು ಲೆಕ್ಕಾಚಾರದಿಂದ ಕಾಯಿಸಿ, ತಣಿಸಿ ಹದಗೊಳಿಸಿರುತ್ತಾರೆ. ಮತ್ತೆ ಕಾಯಿಸಿದರೆ ಆ ಹದ ಹೋಗುತ್ತದೆ. ಹೊರಗಿನಿಂದ ಗಟ್ಟಿಯಾಗಿ ಕಂಡರೂ ಒಳಗೆ ಮೆತ್ತಗಾಗಿಯೋ ಪೆಡಸಾಗಿಯೋ ಇರುತ್ತದೆ. ನೇಗಿಲಿಗೆ ಬೆಸುಗೆ ಹಾಕಿದಂತಲ್ಲ ಇದು.

"ಅದೇ ಮಾಡೆಲ್‌ನ ಪಾರ್ಟ್ ಹಾಕಿದರೆ ಸರಿ" ಎಂಬುದು ನಿಜವೇ?

ಯಾವಾಗಲೂ ಅಲ್ಲ. ಒಂದು ಕಾಲದಲ್ಲಿ ಪ್ರತಿ ಬಂದೂಕಿನ ಪ್ರತಿ ಭಾಗವನ್ನೂ ಕುಶಲಕರ್ಮಿಗಳು ಅರದಿಂದ ಉಜ್ಜಿ ಕೂರಿಸುತ್ತಿದ್ದರು. ಒಂದರ ಭಾಗ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಬಿಡಿಭಾಗಗಳನ್ನು ಒಂದೇ ಅಳತೆಗೆ ಮಾಡಬಹುದು ಎಂದು ತೋರಿಸಿದವರಲ್ಲಿ ಫ್ರಾನ್ಸಿನ ಒನೊರೆ ಬ್ಲಾಂಕ್ ಒಬ್ಬರು. ಮುಂದೆ ಅಮೆರಿಕದ ಅಧ್ಯಕ್ಷರಾದ ಥಾಮಸ್ ಜೆಫರ್ಸನ್ 1785ರಲ್ಲಿ ಬ್ಲಾಂಕ್ ಅವರ ಕಾರ್ಯಾಗಾರಕ್ಕೆ ಹೋಗಿ, ರಾಶಿಯಿಂದ ಸಿಕ್ಕ ಸಿಕ್ಕ ಭಾಗ ಎತ್ತಿ ತಾವೇ ಜೋಡಿಸಿ ನೋಡಿ, ಅದರ ಬಗ್ಗೆ ತಮ್ಮ ದೇಶಕ್ಕೆ ಪತ್ರ ಬರೆದರು.

ಇಂದು ನಮ್ಮ ಬೈಕು, ಪಂಪ್‌ಸೆಟ್ಟಿನ ಬಿಡಿಭಾಗ ಅಂಗಡಿಯಲ್ಲಿ ಸಿಗುವುದು ಅದೇ ತತ್ವದಿಂದ. ಆದರೂ ಅದಕ್ಕೊಂದು ಮಿತಿ ಇದೆ. ಎಸ್‌ಎಲ್‌ಆರ್ ಅನ್ನೇ ನೋಡಿ. ನೋಡುವುದಕ್ಕೆ ಬ್ರಿಟನ್ನಿನ ರೈಫಲ್‌ನಂತೆಯೇ ಇದ್ದರೂ, ಇಶಾಪುರದ ಬಂದೂಕಿನ ಎಲ್ಲ ಭಾಗಗಳೂ ಅದಕ್ಕೆ ಹೊಂದುವುದಿಲ್ಲ. ಮದ್ದು ತುಂಬುವ ನಾಡ ಬಂದೂಕುಗಳಂತೂ ಕೈಕೆಲಸದವು. ಒಂದರ ಕುದುರೆ ಇನ್ನೊಂದಕ್ಕೆ ಕೂರುತ್ತದೆ ಎಂಬ ಭರವಸೆಯೇ ಇಲ್ಲ.

ಪೊಲೀಸರು, ಸೈನಿಕರು ಏನು ಮಾಡುತ್ತಾರೆ?

ದಿನವೂ ಬಂದೂಕು ಹಿಡಿಯುವವರೂ ಮುರಿದ ಪಾರ್ಟ್ ಅನ್ನು ತಮಗೆ ತೋಚಿದಂತೆ ಬದಲಿಸುವುದಿಲ್ಲ. ಬಿಚ್ಚಿ ಒರೆಸಿ ಎಣ್ಣೆ ಹಾಕುವವರೆಗೆ ಅವರ ಕೆಲಸ. ಭಾಗ ಮುರಿದಿದ್ದರೆ ಬಂದೂಕನ್ನು ಶಸ್ತ್ರಾಗಾರಕ್ಕೆ ಒಪ್ಪಿಸುತ್ತಾರೆ. ಅಲ್ಲಿ ತರಬೇತಿ ಪಡೆದ ಆರ್ಮರರ್ ಇರುತ್ತಾರೆ. ಸೇನೆಯಲ್ಲಿ ಈ ಹೊಣೆ ಇಎಂಇ ವಿಭಾಗದ್ದು. ವರ್ಷಗಟ್ಟಲೆ ಬಂದೂಕು ಹಿಡಿದವರೇ ತಜ್ಞರ ಕೈಗೆ ಒಪ್ಪಿಸುವ ಕೆಲಸವನ್ನು ಐದು ನಿಮಿಷದ ವಿಡಿಯೋ ಕಲಿಸಿಬಿಡುತ್ತದೆ ಎಂದು ನಂಬುವುದು ಹೇಗೆ?

ನಿಮ್ಮ ಲೈಸೆನ್ಸ್ ಬಂದೂಕು ಕೆಟ್ಟರೆ ಹೀಗೆ ಮಾಡಿ

1. ಬಳಸುವುದನ್ನು ಅಲ್ಲಿಗೇ ನಿಲ್ಲಿಸಿ. ನಳಿಗೆ ಉಬ್ಬಿದ್ದರೆ, ಬಿರುಕು ಬಿಟ್ಟಿದ್ದರೆ "ಇದೊಂದು ಸಲ" ಎಂದು ಪ್ರಯೋಗ ಮಾಡಬೇಡಿ.

2. ಟ್ರಿಗರ್ ಎಳೆದರೂ ಹಾರದಿದ್ದರೆ ನಳಿಗೆಯೊಳಗೆ ಇಣುಕಬೇಡಿ, ತಕ್ಷಣ ತೆರೆಯಲೂ ಬೇಡಿ. ಕೆಲವೊಮ್ಮೆ ಮದ್ದು ತಡವಾಗಿ ಹೊತ್ತಿಕೊಳ್ಳುತ್ತದೆ. ಜನ, ಜಾನುವಾರು ಇಲ್ಲದ ದಿಕ್ಕಿಗೆ ಹಿಡಿದು ಕನಿಷ್ಠ ಒಂದು ನಿಮಿಷವಾದರೂ ಕಾಯಿರಿ. ಒಳಗಿನ ಮದ್ದು ಅಥವಾ ತೋಟಾ ತೆಗೆಯಲು ಆಗದಿದ್ದರೆ ಬಂದೂಕನ್ನು ಮನೆಯೊಳಗೆ ತರದೆ ಪೊಲೀಸ್ ಠಾಣೆಗೆ ತಿಳಿಸಿ.

3. ದುರಸ್ತಿಗೆ ಪರವಾನಗಿ ಇರುವ ಬಂದೂಕು ಅಂಗಡಿಗೇ ಕೊಡಿ. ಅಂಥ ಅಂಗಡಿ ಎಲ್ಲಿದೆ ಎಂದು ಚಿತ್ರದುರ್ಗದ ಜಿಲ್ಲಾಧಿಕಾರಿ ಕಚೇರಿಯಲ್ಲಿ, ಬಂದೂಕು ಪರವಾನಗಿ ನೋಡುವ ಶಾಖೆಯಲ್ಲಿ ವಿಚಾರಿಸಬಹುದು.

4. ಬಂದೂಕನ್ನು ಖಾಲಿ ಮಾಡಿ, ಚೀಲದಲ್ಲಿ ಹಾಕಿ, ಮೂಲ ಪರವಾನಗಿಯ ಜೊತೆ ಒಯ್ಯಿರಿ. ವಯಸ್ಸಾದವರು, ಕಾಯಿಲೆಯವರು ತಾವೇ ಹೋಗಲಾಗದಿದ್ದರೆ ದಾರಿ ಇದೆ. ದುರಸ್ತಿಗೆ ಅಥವಾ ನವೀಕರಣಕ್ಕೆ ಒಯ್ಯಲು ಇನ್ನೊಬ್ಬರಿಗೆ ಲಿಖಿತ ಒಪ್ಪಿಗೆ ಕೊಡಲು 3ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಬಾಯಿಮಾತು ಸಾಲದು, ಬರೆದುಕೊಡಿ.

5. ನಂಬರ್ ಇರುವ ಭಾಗವನ್ನು ಬದಲಿಸಬೇಕಾದರೆ ಮೊದಲೇ ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೇಳಿ. ಬಂದೂಕಿನ ಮೇಲಿನ ನಂಬರ್ ಅಳಿಸುವುದು, ತಿದ್ದುವುದು 8ನೇ ಸೆಕ್ಷನ್ ಪ್ರಕಾರ ಅಪರಾಧ. ನಳಿಗೆಯನ್ನು ಪರವಾನಗಿ ಇಲ್ಲದೆ ಗಿಡ್ಡ ಮಾಡುವುದನ್ನು 6ನೇ ಸೆಕ್ಷನ್ ತಡೆಯುತ್ತದೆ.

6. ರಸೀದಿ ಪಡೆದು ಪರವಾನಗಿಯ ಜೊತೆ ಇಟ್ಟುಕೊಳ್ಳಿ.

ಅಟ್ಟದ ಮೇಲಿನ ಅಜ್ಜನ ಬಂದೂಕು

ನಮ್ಮ ಓದುಗರಿಗೆ ಸೆಮಿ ಆಟೋಮ್ಯಾಟಿಕ್ ರೈಫಲ್‌ಗಿಂತ ಹತ್ತಿರದ ಪ್ರಶ್ನೆ ಇದು. ಲೈಸೆನ್ಸ್ ಅಜ್ಜನ ಹೆಸರಿನಲ್ಲಿತ್ತು, ಅಜ್ಜ ತೀರಿಕೊಂಡರು, ಬಂದೂಕು ಅಟ್ಟದಲ್ಲೇ ಉಳಿಯಿತು. "ಹೇಗೂ ಕೆಟ್ಟಿದೆ, ಹಾರುವುದಿಲ್ಲ, ಇದ್ದರೆ ಇರಲಿ" ಎಂದು ಮನೆಯವರು ಸುಮ್ಮನಿರುತ್ತಾರೆ. ಕೆಲವು ವರ್ಷಗಳ ನಂತರ ಮೊಮ್ಮಗ ವಿಡಿಯೋ ನೋಡಿ ಅದನ್ನು ರಿಪೇರಿ ಮಾಡಲು ಹೊರಡುತ್ತಾನೆ.

ಇಲ್ಲಿ ತೊಂದರೆ ಎರಡು. ಒಂದು, ಲೈಸೆನ್ಸ್ ವ್ಯಕ್ತಿಗೆ ಸೇರಿದ್ದು, ಮನೆಗಲ್ಲ. ಅದು ಹೊಲದ ಪಹಣಿಯಂತೆ ತಾನಾಗಿ ವಾರಸುದಾರರಿಗೆ ಬರುವುದಿಲ್ಲ. 21ನೇ ಸೆಕ್ಷನ್ ಪ್ರಕಾರ ಇಂಥ ಬಂದೂಕನ್ನು ಅನಗತ್ಯ ತಡ ಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಇರುವ ಡೀಲರ್ ಬಳಿ ಠೇವಣಿ ಇಡಬೇಕು. ಬೇಕಿದ್ದರೆ ವಾರಸುದಾರರು ತಮ್ಮ ಹೆಸರಿನಲ್ಲಿ ಪರವಾನಗಿಗೆ ಅರ್ಜಿ ಹಾಕಬಹುದು. ಎರಡು, ಹಳೆಯ ಬಂದೂಕಿನಲ್ಲಿ ಮದ್ದು ತುಂಬಿಯೇ ಇರಬಹುದು. ಹೊರಗಿನಿಂದ ನೋಡಿದರೆ ತಿಳಿಯುವುದಿಲ್ಲ. ಹಾಗಾಗಿ ಅದನ್ನು ತುಂಬಿದ ಬಂದೂಕು ಎಂದೇ ತಿಳಿದು ಮಕ್ಕಳನ್ನು ದೂರವಿಡಿ. ನೀವೇ ಹೊತ್ತುಕೊಂಡು ಹೋಗುವ ಬದಲು ಮೊದಲು ಠಾಣೆಗೆ ಫೋನ್ ಮಾಡಿ, ಹೇಗೆ ತರಬೇಕು ಎಂದು ಕೇಳಿ.

ನಮ್ಮ ತೀರ್ಮಾನ

ಬಂದೂಕಿನ ಬಿಡಿಭಾಗಕ್ಕೆ ಲೈಸೆನ್ಸ್ ಬೇಡ, ಯಾರು ಬೇಕಾದರೂ ಬದಲಿಸಬಹುದು ಎಂಬ ಸಂದೇಶ ತಪ್ಪು. ಕಾನೂನಿನ ಒಂದು ವಾಕ್ಯದ ಅರ್ಧವನ್ನು ಮಾತ್ರ ಹಿಡಿದು ಅದನ್ನು ಹರಡಲಾಗುತ್ತಿದೆ. ಅದನ್ನು ನಂಬಿ ಪಾರ್ಟ್ ತರಿಸಿದವರು ಜೈಲಿಗೆ ಹೋಗಬಹುದು, ಜೋಡಿಸಿ ಗುಂಡು ಹಾರಿಸಿದವರು ಆಸ್ಪತ್ರೆಗೆ ಹೋಗಬಹುದು. ನಿಮ್ಮ ಗುಂಪಿನಲ್ಲಿ ಇಂಥ ವಿಡಿಯೋ ಬಂದರೆ ಮುಂದಕ್ಕೆ ಕಳಿಸಬೇಡಿ. ಕಳಿಸಿದವರಿಗೆ "ಇದು ನಮ್ಮ ದೇಶದ ಕಾನೂನಲ್ಲ" ಎಂದು ತಿಳಿಸಿ. ಮನೆಯಲ್ಲಿ ಹಳೆಯ ಬಂದೂಕು ಇದ್ದರೆ ಅದರ ಪರವಾನಗಿ ಯಾರ ಹೆಸರಿನಲ್ಲಿದೆ, ಅವಧಿ ಯಾವಾಗ ಮುಗಿಯುತ್ತದೆ ಎಂದು ಇಂದೇ ತೆಗೆದು ನೋಡಿ.