ಹಾರ್ಲೆಮಿನ ಐವರು ಬಾಲಗಾಯಕರು

ರಾಜವಂಶಗಳ ಏಳುಬೀಳುಗಳನ್ನು ಬರೆದವರು ಬೇಕಾದಷ್ಟು ಮಂದಿಯಿದ್ದಾರೆ. ಒಂದೂವರೆ ವರ್ಷದಲ್ಲಿ ಎದ್ದು ಬಿದ್ದ ಬಾಲಗಾಯಕರ ಮಂಡಳಿಯೊಂದರ ಕಥೆಯೂ ಚರಿತ್ರೆಯೇ ಎಂದು ಬಗೆದು ಈ ನಾಲ್ಕು ಮಾತು.

ಹಾರ್ಲೆಂ ಎಂಬುದು ನ್ಯೂಯಾರ್ಕ್ ನಗರದಲ್ಲಿ ಕರಿಯ ಜನರು ಹೆಚ್ಚಾಗಿ ನೆಲಸಿದ ಕೇರಿ. 1950ರ ದಶಕದಲ್ಲಿ ವಾದ್ಯ ಕೊಳ್ಳಲು ಕಾಸಿಲ್ಲದ ಅಲ್ಲಿಯ ಹುಡುಗರು ಬೀದಿಯ ಮೂಲೆಗಳಲ್ಲಿ ಕೂಡಿ ಹಾಡುತ್ತಿದ್ದರು. ಒಬ್ಬನು ಹಾಡನ್ನು ಎತ್ತಿಕೊಂಡರೆ, ಮಿಕ್ಕವರು ಅರ್ಥವಿಲ್ಲದ ಅಕ್ಷರಗಳನ್ನೇ ವಾದ್ಯವಾಗಿಸಿ ಅವನಿಗೆ ಒತ್ತಾಸೆ ನೀಡುತ್ತಿದ್ದರು. ಈ ಶೈಲಿಗೆ 'ಡೂ-ವಾಪ್' ಎಂದು ಹೆಸರು. ಹೀಗೆ ಕೂಡಿದವರೇ ಶರ್ಮನ್ ಗಾರ್ನ್ಸ್, ಜಿಮ್ಮಿ ಮರ್ಚೆಂಟ್, ಹರ್ಮನ್ ಸ್ಯಾಂಟಿಯಾಗೊ, ಜೋ ನೆಗ್ರೋನಿ. ಇವರಲ್ಲಿ ಮೊದಲಿಬ್ಬರು ಕರಿಯರು, ಮಿಕ್ಕಿಬ್ಬರು ಪೋರ್ಟೊ ರಿಕೊ ಮೂಲದವರು. ಕಡೆಗೆ ಬಂದು ಸೇರಿದವನು ಫ್ರಾಂಕಿ ಲೈಮನ್.

ಜಾರ್ಜ್ ಗೋಲ್ಡ್ನರ್ ಎಂಬ ಧ್ವನಿಮುದ್ರಿಕೆಯ ವ್ಯಾಪಾರಿ ಇವರ 'ವೈ ಡೂ ಫೂಲ್ಸ್ ಫಾಲ್ ಇನ್ ಲವ್' ಎಂಬ ಹಾಡನ್ನು 1956ರ ಜನವರಿಯಲ್ಲಿ ಹೊರತಂದನು. ಮಂಡಳಿಗೆ 'ಟೀನೇಜರ್ಸ್' ಎಂದು ಹೆಸರಾಯಿತು. ಆಗ ಲೈಮನ್ನನಿಗೆ 13 ವರ್ಷ. ಹಾಡು ಅಮೆರಿಕದಲ್ಲಿ ಆರನೆಯ ಸ್ಥಾನಕ್ಕೂ ಬ್ರಿಟನ್ನಿನಲ್ಲಿ ಮೊದಲನೆಯ ಸ್ಥಾನಕ್ಕೂ ಏರಿತು. 1957ರಲ್ಲಿ ಇವರು ಲಂಡನ್ನಿನ ಪಲೇಡಿಯಂ ರಂಗಮಂದಿರದಲ್ಲಿ ಹಾಡಿದರು.

ಬಿರುಕು ಮೂಡಿದ್ದು ಮುದ್ರಿಕೆಯ ಮೇಲಿನ ಹೆಸರಿನಲ್ಲಿ. ಮೊದಲು 'ಟೀನೇಜರ್ಸ್' ಎಂಬುದು ಮುಂದಿದ್ದು ಲೈಮನ್ನನ ಹೆಸರು ಹಿಂದಿತ್ತು. ಬರಬರುತ್ತ ಅವನದೇ ಮುಂದಾಯಿತು. 1957ರಲ್ಲಿ ಅವನನ್ನು ಮಂಡಳಿಯಿಂದ ಬಿಡಿಸಿ ಒಂಟಿ ಗಾಯಕನನ್ನಾಗಿ ನಿಲ್ಲಿಸಿದರು. ಅದೇ ಜುಲೈಯಲ್ಲಿ ದೂರದರ್ಶನದ ಕಾರ್ಯಕ್ರಮವೊಂದರಲ್ಲಿ ಅವನು ಬಿಳಿಯ ಹುಡುಗಿಯೊಡನೆ ಕುಣಿದನು. ದಕ್ಷಿಣದ ರಾಜ್ಯಗಳ ಪ್ರಸಾರ ಕೇಂದ್ರಗಳು ಕೆರಳಿದವು; ಕಾರ್ಯಕ್ರಮವೇ ನಿಂತುಹೋಯಿತು. ಅವನ ಹಾಡಿಗೆ ಕೈಚಪ್ಪಾಳೆ ತಟ್ಟಿದವರಿಗೆ ಅವನ ಹೆಜ್ಜೆ ಸಹಿಸಲಿಲ್ಲವೆಂದರೆ ಏನೆನ್ನಬೇಕು!

ಅಷ್ಟರಲ್ಲಿ ವಯೋಧರ್ಮದಿಂದ ಅವನ ಕಂಠ ಒಡೆಯಿತು. ನಮ್ಮ ಹಳೆಯ ನಾಟಕ ಕಂಪನಿಗಳಲ್ಲಿ ಸ್ತ್ರೀವೇಷ ಕಟ್ಟುತ್ತಿದ್ದ ಹುಡುಗರಿಗೂ ಇದೇ ಭಯವಿರುತ್ತಿತ್ತು; ಆದರೆ ಅವರಿಗೆ ಬೇರೆ ಪಾತ್ರಗಳಾದರೂ ದೊರಕುತ್ತಿದ್ದವು. ಲೈಮನ್ನನಿಗೆ ದೊರಕಿದ್ದು ಹೆರಾಯಿನ್. 1968ರ ಫೆಬ್ರವರಿ 27ರಂದು, 25ನೆಯ ವಯಸ್ಸಿನಲ್ಲಿ, ಹಾರ್ಲೆಮಿನ ಅಜ್ಜಿಯ ಮನೆಯಲ್ಲಿ ಅವನು ಸತ್ತುಬಿದ್ದಿದ್ದನು. ಅವನನ್ನು ಕಳೆದುಕೊಂಡ ಮಂಡಳಿಯೂ ಮತ್ತೆ ಚೇತರಿಸಿಕೊಳ್ಳಲಿಲ್ಲ.

ಹಾಡು ಮಾತ್ರ ಸಾಯಲಿಲ್ಲ. 1981ರಲ್ಲಿ ಡಯಾನಾ ರಾಸ್ ಅದನ್ನು ಮರಳಿ ಹಾಡಿ ಜನಪ್ರಿಯಗೊಳಿಸಿದರು. ಆದರೆ ಕರ್ತೃವಿನ ಸ್ಥಾನದಲ್ಲಿ ಲೈಮನ್ನನೊಡನೆ ಇದ್ದ ಗೋಲ್ಡ್ನರನ ಹೆಸರಿನ ಜಾಗಕ್ಕೆ, ಅವನ ಕಂಪನಿಗಳನ್ನು ಕೊಂಡ ಮಾರಿಸ್ ಲೆವಿಯ ಹೆಸರು ಬಂದಿತ್ತು. ಬದುಕುಳಿದಿದ್ದ ಸ್ಯಾಂಟಿಯಾಗೊ ಮತ್ತು ಮರ್ಚೆಂಟ್ ನ್ಯಾಯಾಲಯದ ಮೆಟ್ಟಿಲೇರಿದರು. 1992ರಲ್ಲಿ ಪಂಚರು ಹಾಡು ಲೈಮನ್ನನದಷ್ಟೇ ಇವರದೂ ಹೌದೆಂದು ಒಪ್ಪಿದರು. 1996ರಲ್ಲಿ ಮೇಲಿನ ನ್ಯಾಯಾಲಯವು ಆ ತೀರ್ಪನ್ನು ತಳ್ಳಿಹಾಕಿತು. ಹಾಡನ್ನು ಬರೆದವರು ಇವರಲ್ಲವೆಂದು ಅದು ಹೇಳಲಿಲ್ಲ. ಕಾಯಿದೆಯ ಪ್ರಕಾರ ಮೂರು ವರ್ಷಗಳೊಳಗೆ ದಾವೆ ಹೂಡಬೇಕಾಗಿತ್ತು, ಆ ಅವಧಿ ಎಂದೋ ಮೀರಿದೆ ಎಂದಿತು.